ಸೆಪ್ಟಿಕ್ ಟ್ಯಾಂಕ್: ಮಳೆಗೆ ಮುಂಚೆಯೇ ಮುಚ್ಚಳ ತೆಗೆದು ನೋಡಿ

ಚೌತಿಗೆ ಮುಂಬೈ, ಗೋವೆಯಿಂದ ನೆಂಟರು ಬಂದು ಮನೆ ತುಂಬಿತ್ತು. ಕುಮಟಾದ ನಮ್ಮ ಮನೆಯ ಪಾಯಿಖಾನೆಯಲ್ಲಿ ನೀರು ಇಳಿಯದೆ ನಿಂತಿತು. ಟ್ಯಾಂಕ್ ಖಾಲಿ ಮಾಡುವ ಲಾರಿಯನ್ನು ಕರೆಸಿದರೆ, ಅದು ಕೆಸರಿಗೆ ಹೆದರಿ ಅಂಗಳಕ್ಕೇ ಬರಲಿಲ್ಲ. ಕರಾವಳಿಯ 3,000 ಮಿ.ಮೀ. ದಾಟುವ ಮಳೆಯಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಆಗ ನೆಲದಡಿಯ ನೀರು ಮೇಲೇರಿ ಇಂಗುಗುಂಡಿ ನೀರು ಹೀರುವುದನ್ನೇ ನಿಲ್ಲಿಸುತ್ತದೆ. ಅಂಥ ಹೊತ್ತಿನಲ್ಲಿ ಟ್ಯಾಂಕ್ ಬರಿದು ಮಾಡಿದರೆ ಹೊರಗಿನ ನೀರಿನ ಒತ್ತಡಕ್ಕೆ ಕಲ್ಲಿನ ಗೋಡೆ ಬಿರಿಯಬಹುದು, ಫೈಬರ್ ಟ್ಯಾಂಕಾದರೆ ಮೇಲಕ್ಕೇ ತೇಲಬಹುದು. ಹಾಗಾಗಿ ಈ ಕೆಲಸ ಮೇ ಮಧ್ಯದೊಳಗೆ ಮುಗಿಯಲಿ.

ಟ್ಯಾಂಕಿನಲ್ಲಿ ಮಲ ಕೆಸರಾಗಿ ತಳಕ್ಕೆ ಕೂರುತ್ತದೆ, ಎಣ್ಣೆ-ಜಿಡ್ಡು ಕೆನೆಗಟ್ಟಿ ತೇಲುತ್ತದೆ, ನಡುವಿನ ನೀರು ಇಂಗುಗುಂಡಿಗೆ ಹರಿಯುತ್ತದೆ. ಗಾಳಿ ಬೇಡದ ಸೂಕ್ಷ್ಮಜೀವಿಗಳು ಕೆಸರನ್ನು ಕರಗಿಸುತ್ತವೆ, ಆದರೆ ಪೂರ್ತಿಯಾಗಿ ಅಲ್ಲ. ಉಳಿದದ್ದು ವರ್ಷವರ್ಷವೂ ಏರಿ ಹೊರಪೈಪಿನ ಹತ್ತಿರ ಬಂದರೆ ಇಂಗುಗುಂಡಿಯ ಸಂದುಗಳೊಳಗೆ ಹೊಕ್ಕು ಕಟ್ಟಿಕೊಳ್ಳುತ್ತದೆ. ಆಮೇಲೆ ಹೊಸ ಗುಂಡಿ ತೋಡದೆ ಬೇರೆ ದಾರಿಯಿಲ್ಲ.

ಮೊದಲು ಅಳತೆ. ಮುಚ್ಚಳ ತೆಗೆದು ಅರ್ಧ ಗಂಟೆ ಬಿಡಿ. ಹತ್ತಿರ ಬೀಡಿ, ಬೆಂಕಿ, ಮಕ್ಕಳು ಸುಳಿಯಬಾರದು. ಒಳಗಿನ ಮೀಥೇನ್ ಹೊತ್ತಿಕೊಳ್ಳುವ ಅನಿಲ. ಉದ್ದದ ಬಿದಿರಿನ ಗಳಕ್ಕೆ ಹಳೆಯ ಬಿಳಿ ಬಟ್ಟೆ ಸುತ್ತಿ, ತಳ ತಾಗುವವರೆಗೆ ನೆಟ್ಟಗೆ ಇಳಿಸಿ. ನಾಲ್ಕೈದು ನಿಮಿಷ ಬಿಟ್ಟು ಮೆಲ್ಲಗೆ ಎತ್ತಿ. ಕಪ್ಪಾಗಿ ಅಂಟಿದ್ದು ಕೆಸರಿನ ಎತ್ತರ, ಒದ್ದೆಯಾದದ್ದು ನೀರಿನ ಆಳ. ಕೆಸರು ಆಳದ ಮೂರನೇ ಒಂದು ಪಾಲಿಗೆ ಬಂದಿದ್ದರೆ ಲಾರಿಗೆ ಹೇಳಿ. ಸಾಮಾನ್ಯವಾಗಿ 2-3 ವರ್ಷಕ್ಕೊಮ್ಮೆ ಬೇಕಾಗುತ್ತದೆ.

ಒಳಗೆ ಯಾರನ್ನೂ ಇಳಿಸಬೇಡಿ. ಪೈಪು ಕಟ್ಟಿದರೂ, ಬಕೆಟ್ ಬಿದ್ದರೂ, "ಐದೇ ನಿಮಿಷ" ಎಂದರೂ ಬೇಡ. ಒಳಗಿನ ವಿಷಾನಿಲ ಹೈಡ್ರೋಜನ್ ಸಲ್ಫೈಡ್ ಜಾಸ್ತಿಯಾದಾಗ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. ಒಬ್ಬರನ್ನು ಎತ್ತಲು ಇಳಿದ ಇನ್ನೊಬ್ಬರೂ ಅಲ್ಲೇ ಉಳಿಯುತ್ತಾರೆ. ರಕ್ಷಣಾ ಸಾಧನವಿಲ್ಲದೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಅಪರಾಧ: ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಲಾರಿಯವರು ಹೀರುವಾಗ ತಳದಲ್ಲಿ ಒಂದಿಂಚು ಕೆಸರು ಉಳಿಯಲಿ, ಅದು ಹೆಪ್ಪಿನ ಹಾಗೆ. ಫಿನಾಯಿಲ್ ಹಾಕಿ ತೊಳೆಸಬೇಡಿ. ಗಾಳಿಪೈಪಿನ ತುದಿಗೆ ಸೊಳ್ಳೆಬಲೆ ಬಿಗಿಯಿರಿ, ಮುಚ್ಚಳದ ಅಂಚಿಗೆ ಸಿಮೆಂಟು ಮೆತ್ತಿಸಿ. ಸಗಣಿ, ಬೆಲ್ಲ, ಅಂಗಡಿಯ ಪುಡಿ ಯಾವುದೂ ಬೇಕಿಲ್ಲ. ಮಾಡಿನ ನೀರು ಟ್ಯಾಂಕಿಗೆ ಬೀಳಬಾರದು. ಪ್ಯಾಡು, ಬಟ್ಟೆ, ಕರಿದ ಎಣ್ಣೆ ಹಾಕಲೇಬೇಡಿ.

ನಮ್ಮ ಚಿರೆಕಲ್ಲಿನ ನೆಲ ತೂತು ತೂತು. ಕೊಳಕು ಎಲ್ಲಿಂದ ಎಲ್ಲಿಗೆ ಹರಿಯಿತು ಎಂಬುದು ಮೇಲಿನಿಂದ ಕಾಣುವುದಿಲ್ಲ. ಇಂಗುಗುಂಡಿಗೂ ಕುಡಿಯುವ ಬಾವಿಗೂ ಕನಿಷ್ಠ 18 ಮೀಟರ್ ಅಂತರ ಬೇಕು. ಹಳೆಯ ಹಿತ್ತಿಲುಗಳಲ್ಲಿ ಅಷ್ಟು ಜಾಗ ಸಿಗುವುದು ಕಷ್ಟ. ಅಂಥ ಮನೆಯವರು ಮಳೆಗಾಲದಲ್ಲೊಮ್ಮೆ ಬಾವಿ ನೀರಿನ ಪರೀಕ್ಷೆ ಮಾಡಿಸಿ, ಕುದಿಸಿಯೇ ಕುಡಿಯಿರಿ.

ಲಾರಿ ಹೊರಡುವ ಮುಂಚೆ, ಕೆಸರನ್ನು ಎಲ್ಲಿ ಸುರಿಯುತ್ತೀರಿ ಎಂದು ಕೇಳಿ. ಶುದ್ಧೀಕರಣ ಘಟಕಕ್ಕೆ ಎಂದು ಖಚಿತವಾಗಿ ಹೇಳದವರಿಗೆ ಕೆಲಸ ಕೊಡಬೇಡಿ. ಹೊಳೆಗೆ ಸುರಿದರೆ ಅದು ಸೇರುವ ಅಘನಾಶಿನಿ ನದಿಯ ಅಳಿವೆಯಲ್ಲಿ ಸೊಂಟಮಟ್ಟ ನೀರಿಗಿಳಿದು ಬಳಚು (ತಿನ್ನುವ ಚಿಪ್ಪುಜೀವಿ) ಹೆಕ್ಕುವವರಿದ್ದಾರೆ.