ಉಬ್ಬಿದ ಲ್ಯಾಮಿನೇಟ್ ಹಲಗೆಗೆ ನೆಲವನ್ನೆಲ್ಲ ಕೀಳಬೇಕಿಲ್ಲ

ನಮ್ಮ ಮನೆಯ ಬಾಲ್ಕನಿ ಬಾಗಿಲ ಬಳಿ ಎರಡು ಹಲಗೆಗಳ ಅಂಚು ಎದ್ದುನಿಂತು ಕಾಲಿಗೆ ತಾಗುತ್ತಿತ್ತು. ನೋಡಲು ಬಂದವರು ‘ರೂಮಿಗೆ ಪೂರ್ತಿ ಹೊಸದು ಹಾಕಿಸಿಬಿಡಿ’ ಎಂದರು. ಮನಸ್ಸು ಒಪ್ಪಲಿಲ್ಲ. ಒಂದು ಭಾನುವಾರ ಕೂತು ಆ ಎರಡನ್ನಷ್ಟೇ ಬದಲಿಸಿದೆ. ಗರಗಸ, ಉಳಿ ಹಿಡಿದು ಅಭ್ಯಾಸವಿರುವ ಯಾರಿಗಾದರೂ ಇದು ಸಾಧ್ಯ.

ಮೊದಲು ತಿಳಿಯಬೇಕಾದದ್ದು, ಲ್ಯಾಮಿನೇಟ್ ಅಪ್ಪಟ ಮರವಲ್ಲ. ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಎಚ್‌ಡಿಎಫ್ ಹಲಗೆ, ಅದರ ಮೇಲೆ ಮರದ ಗೆರೆಗಳು ಅಚ್ಚಾದ ಕಾಗದ, ಎಲ್ಲಕ್ಕಿಂತ ಮೇಲೆ ಗಟ್ಟಿಯಾದ ಪಾರದರ್ಶಕ ಪದರ. ಹಾಗಾಗಿ ಗೀರು ಬಿದ್ದಿದೆಯೆಂದು ಉಪ್ಪುಕಾಗದ ಹಾಕಿ ಉಜ್ಜಬೇಡಿ, ಚಿತ್ರವೇ ಅಳಿಸಿಹೋಗುತ್ತದೆ. ಮಳೆಗಾಲದಲ್ಲಿ ಬಿಗಿಯಾದ ಮರದ ಬಾಗಿಲು ಬೇಸಿಗೆಗೆ ಸಡಿಲವಾಗುತ್ತದೆ. ಆದರೆ ನೀರು ಕುಡಿದು ಉಬ್ಬಿದ ಎಚ್‌ಡಿಎಫ್ ಒಣಗಿದರೂ ಮೊದಲಿನಂತಾಗುವುದಿಲ್ಲ. ಅದನ್ನು ಬದಲಿಸಲೇಬೇಕು.

ಸಣ್ಣ ಗೀರಿಗೆ ಅದೇ ಬಣ್ಣದ ಮೇಣದ ಕಡ್ಡಿ ಸಾಕು. ಉಜ್ಜಿ, ಹೆಚ್ಚಾದದ್ದನ್ನು ಮೆತ್ತನೆ ಬಟ್ಟೆಯಿಂದ ಒರೆಸಿ. ಪಾತ್ರೆ ಬಿದ್ದು ಗುಳಿಯಾಗಿದ್ದರೆ ಗಟ್ಟಿ ಮೇಣವನ್ನು ಕರಗಿಸಿ ತುಂಬಿ, ಪ್ಲಾಸ್ಟಿಕ್ ತುಂಡಿನಿಂದ ಸಮ ಮಾಡಿ. ತಿಳಿ ಬಣ್ಣ ಮೊದಲು ಹಾಕಿ, ಮೇಲೆ ಗಾಢ ಬಣ್ಣದಲ್ಲಿ ಸಣ್ಣ ಗೆರೆ ಎಳೆದರೆ ತೇಪೆ ಹಾಕಿದ್ದು ಕಣ್ಣಿಗೆ ಬೀಳುವುದಿಲ್ಲ.

ಹಲಗೆ ಉಬ್ಬಿದ್ದರೆ ಮಾತ್ರ ಉಳಿ ಹಿಡಿಯುವ ಮುಂಚೆ ನೀರು ಎಲ್ಲಿಂದ ಬಂತು ಎಂದು ಹುಡುಕಿ. ಬಾಲ್ಕನಿ ಹೊಸ್ತಿಲು, ಬಚ್ಚಲಮನೆ ಬಾಗಿಲು, ಎ.ಸಿ. ಪೈಪು, ವಾಷಿಂಗ್ ಮೆಷಿನ್ ಇವನ್ನೆಲ್ಲ ನೋಡಿ. ಬಕೆಟ್ ನೀರಲ್ಲಿ ಅದ್ದಿದ ಬಟ್ಟೆಯನ್ನು ಸರಿಯಾಗಿ ಹಿಂಡದೆ ದಿನವೂ ನೆಲ ಒರೆಸುವುದೂ ಕಾರಣವಾಗಬಹುದು. ನಮ್ಮಲ್ಲಿ ಹೊಸ್ತಿಲ ಸಂದಿಗೆ ತುಂಬಿದ್ದ ಸಿಲಿಕೋನ್ ಬಿರುಕು ಬಿಟ್ಟಿತ್ತು. ಅದನ್ನು ಮುಚ್ಚದೆ ಹಲಗೆ ಬದಲಿಸಿದ್ದರೆ ಮುಂದಿನ ಮಳೆಗೆ ಮತ್ತದೇ ಕತೆ. ಇಡೀ ನೆಲವೇ ನಡುವೆ ಗುಡ್ಡದಂತೆ ಎದ್ದಿದ್ದರೆ ಕಾರಣ ಬೇರೆ ಇರಬಹುದು. ಗೋಡೆಯ ಪಕ್ಕ 8ರಿಂದ 10 ಮಿ.ಮೀ. ಜಾಗ ಬಿಟ್ಟಿಲ್ಲದಿದ್ದರೆ ಹಿಗ್ಗಿದ ಹಲಗೆಗಳಿಗೆ ಹೋಗಲು ದಾರಿಯಿರುವುದಿಲ್ಲ. ಸ್ಕರ್ಟಿಂಗ್ (ಗೋಡೆಯ ಬುಡಕ್ಕೆ ಹೊಡೆದ ಪಟ್ಟಿ) ಬಿಚ್ಚಿ ಅಂಚನ್ನು ಅಷ್ಟು ಕತ್ತರಿಸಿದರೆ ನೆಲ ತಾನಾಗಿ ಕೂರುವುದೂ ಉಂಟು.

ಕೆಟ್ಟ ಹಲಗೆ ಗೋಡೆಯಿಂದ ಮೂರ್ನಾಲ್ಕು ಸಾಲಿನೊಳಗಿದ್ದರೆ ಕತ್ತರಿಸುವ ಗೋಜೇ ಬೇಡ. ಸ್ಕರ್ಟಿಂಗ್ ತೆಗೆದು, ಗೋಡೆ ಕಡೆಯಿಂದ ಒಂದೊಂದೇ ಸಾಲನ್ನು ಓರೆಯಾಗಿ ಎತ್ತಿ ಬಿಚ್ಚುತ್ತಾ ಬನ್ನಿ. ಹಿಂಬದಿಗೆ ಪೆನ್ಸಿಲ್‌ನಲ್ಲಿ ನಂಬರ್ ಹಾಕುವುದನ್ನು ಮರೆಯಬೇಡಿ. ಕೆಳಗಿನ ಫೋಮ್ ಒದ್ದೆಯಾಗಿದ್ದರೆ ಆ ಭಾಗ ಕತ್ತರಿಸಿ ತೆಗೆದು, ಸಿಮೆಂಟ್ ನೆಲ ಪೂರ್ತಿ ಒಣಗುವವರೆಗೆ ಕಾಯಿರಿ. ಒಣಗಿದೆಯೋ ಎಂಬ ಅನುಮಾನವಿದ್ದರೆ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಒಂದು ದಿನ ಬಿಡಿ. ಒಳಗೆ ಹನಿ ಕಟ್ಟಿದ್ದರೆ ಇನ್ನೂ ತೇವವಿದೆ.

ಕೋಣೆಯ ನಡುವಿನ ಹಲಗೆಯದ್ದೇ ಕಷ್ಟ. ಮಾಸ್ಕ್, ಕನ್ನಡಕ ಹಾಕಿಕೊಳ್ಳಿ. ಅಂಚಿನಿಂದ ಮೂರು ಸೆಂ.ಮೀ. ಒಳಗೆ ಚೌಕಟ್ಟು ಗುರುತು ಮಾಡಿ, ಮೂಲೆಗಳಲ್ಲಿ ಡ್ರಿಲ್ಲಿನಿಂದ ತೂತು ಕೊರೆಯಿರಿ. ವೃತ್ತಾಕಾರದ ಗರಗಸದ ಆಳವನ್ನು ಹಲಗೆಯ ದಪ್ಪಕ್ಕೆ ಸರಿಯಾಗಿ ಇಟ್ಟು (8 ಮಿ.ಮೀ. ಹಲಗೆಗೆ 8 ಮಿ.ಮೀ.) ಗುರುತಿನ ಮೇಲೆ ಕತ್ತರಿಸಿ ನಡುವಿನ ತುಂಡು ತೆಗೆಯಿರಿ. ಉಳಿದ ಪಟ್ಟಿಯನ್ನು ಮೂಲೆಗಳಲ್ಲಿ ಉಳಿಯಿಂದ ಸೀಳಿ, ಒಳಮುಖವಾಗಿ ಎಳೆದು ಬಿಡಿಸಿ. ಇಲ್ಲಿ ಅವಸರ ಮಾಡಿದರೆ ಪಕ್ಕದ ಹಲಗೆಯ ಅಂಚು ಚಕ್ಕೆ ಏಳುತ್ತದೆ, ಕೆಲಸ ಎರಡರಷ್ಟಾಗುತ್ತದೆ.

ಹೊಸ ಹಲಗೆಯ ಒಂದು ಉದ್ದ ಬದಿಗೆ ನಾಲಿಗೆಯಂತೆ ಚಾಚಿದ ಅಂಚು, ಎದುರು ಬದಿಗೆ ಅದು ಕೂರುವ ಗ್ರೂವ್ ಇರುತ್ತದೆ. ಅಡ್ಡ ತುದಿಗಳಲ್ಲೂ ಹಾಗೆಯೇ. ಉದ್ದ ಬದಿಯ ನಾಲಿಗೆಯನ್ನು ಉಳಿಸಿಕೊಂಡು, ಅಡ್ಡ ತುದಿಯ ನಾಲಿಗೆಯನ್ನು ತೆಗೆದುಬಿಡಿ. ಎರಡೂ ಗ್ರೂವ್‌ಗಳ ಕೆಳತುಟಿಯನ್ನು ಕತ್ತರಿಸಿ. ಅಂಟು ಹಚ್ಚುವ ಮುಂಚೆ ಒಮ್ಮೆ ಕೂರಿಸಿ ನೋಡಿ. ಸರಿಯಾಗಿದ್ದರೆ ನೀರು ತಡೆಯುವ ಮರದ ಅಂಟನ್ನು ಅಂಚಿಗೆ ತೆಳುವಾಗಿ ಹಚ್ಚಿ, ನಾಲಿಗೆಯನ್ನು ಓರೆಯಾಗಿ ತೂರಿಸಿ, ಎದುರು ಬದಿಯನ್ನು ಮೆಲ್ಲನೆ ಒತ್ತಿ. ಉಕ್ಕಿದ ಅಂಟನ್ನು ಕೂಡಲೇ ಒದ್ದೆ ಬಟ್ಟೆಯಿಂದ ಒರೆಸಿ. ಮೇಲೆ ಅಕ್ಕಿ ಮೂಟೆಯನ್ನೋ ಪುಸ್ತಕಗಳ ಕಟ್ಟನ್ನೋ ಇಟ್ಟು 24 ಗಂಟೆ ಆ ಕಡೆ ಯಾರೂ ಓಡಾಡದಂತೆ ನೋಡಿಕೊಳ್ಳಿ.

ಹಳೆಯ ಹಲಗೆಯ ಜೋಡಿ ಸಿಗುವುದೇ ಅನೇಕ ಸಲ ದೊಡ್ಡ ತಲೆನೋವು. ಮನೆಯಲ್ಲಿ ಉಳಿದದ್ದಿಲ್ಲದಿದ್ದರೆ ಮಂಚದ ಕೆಳಗಿನ ಒಂದು ಒಳ್ಳೆ ಹಲಗೆ ಬಿಡಿಸಿ ಇಲ್ಲಿ ಹಾಕಿ, ಅಂಗಡಿಯಿಂದ ತಂದ ಅಷ್ಟೇ ದಪ್ಪದ, ನಾಲಿಗೆ-ಗ್ರೂವ್ ಸರಿಯಾಗಿ ಹೊಂದುವ ಬೇರೆ ಬಣ್ಣದ್ದನ್ನು ಅಲ್ಲಿಗೆ ಹಾಕಬಹುದು. ಹೊಸದನ್ನು ಹಾಕುವ 48 ಗಂಟೆ ಮೊದಲೇ ಅದೇ ಕೋಣೆಯಲ್ಲಿ ಚಪ್ಪಟೆಯಾಗಿ ಮಲಗಿಸಿಡಿ.