ಮುಧೋಳ ನಾಯಿಗೊಂದು ಹುಸಿ ಮೊಲ: ಬೆಂಗಳೂರಿನಲ್ಲಿ ಓಡಿಸುವ ಬಗೆ

ಮುಧೋಳ ನಾಯಿಯನ್ನು ಬೈಕಿನ ಪಕ್ಕ ಮೈಲಿಗಟ್ಟಲೆ ಓಡಿಸಬೇಡಿ. ಗ್ರೇಹೌಂಡಿನಂತೆ ಇದೂ ಕಣ್ಣಿಂದ ಬೇಟೆಯಾಡುವ ಜಾತಿ. ಅರ್ಧ ನಿಮಿಷದ ಓಟಕ್ಕೆ ಹದವಾದ ಮೈ. ಗ್ರೇಹೌಂಡ್ ರೇಸಿನ ಸೆಳೆತವೂ ಅಷ್ಟರಲ್ಲೇ ಇದೆ: ಗಂಟೆಗೆ 60 ಕಿ.ಮೀ. ದಾಟುವ ವೇಗ, ಪ್ರತಿ ನೆಗೆತಕ್ಕೂ ಎರಡು ಸಲ ನಾಲ್ಕೂ ಕಾಲು ನೆಲ ಬಿಡುವ ಚಂದ. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಬೆಲ್ ವ್ಯೂ ಟ್ರ್ಯಾಕಿನಲ್ಲಿ 1926ರಿಂದ ಗ್ರೇಹೌಂಡ್‌ಗಳನ್ನು ಯಂತ್ರದ ಮೊಲದ ಹಿಂದೆ ಓಡಿಸಿದರು. ಕೇಡೆಲ್ಲ ತಿರುವಿನಲ್ಲಿ. ಎಡಕ್ಕೆ ತಿರುಗುವ ಟ್ರ್ಯಾಕಿನಲ್ಲಿ ಬಲ ಹಿಂಗಾಲಿನ ಗಿಣ್ಣಿನ ಮೂಳೆ ಮುರಿಯುವುದು ಮಾಮೂಲು. ಆದ್ದರಿಂದ ನಮ್ಮದು ಹುಸಿ ಮೊಲದ ಹಿಂದೆ ನೇರ ಓಟ. ಬಾಜಿಯೂ ಬೇಡ, ಜೀವಂತ ಮೊಲವಂತೂ ಬೇಡವೇ ಬೇಡ.

ದೊಡ್ಡಬಳ್ಳಾಪುರ ಅಥವಾ ಆನೇಕಲ್ ಕಡೆ ಬೇಲಿ ಇರುವ ತೋಟ ನೋಡಿ, ಮಾಲೀಕರನ್ನು ಕೇಳಿಕೊಳ್ಳಿ. ಹೆಸರಘಟ್ಟದ ಹುಲ್ಲುಗಾವಲು ಬೇಡ, ಅಲ್ಲಿ ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳಿವೆ. 120 ಮೀಟರ್ ಹುಲ್ಲುನೆಲ ಸಾಕು. ಮೊದಲು ನಡೆದು ಕಲ್ಲು, ಗಾಜು, ಹೆಗ್ಗಣದ ಬಿಲ ನೋಡಿಬಿಡಿ. ಮಳೆ ಬಿದ್ದ ಮಾರನೇ ದಿನ ಕೆಂಪು ಮಣ್ಣು ಜಾರುತ್ತದೆ, ಅವತ್ತು ರಜೆ.

ಹುಸಿ ಮೊಲ ಎಳೆಯಲು 26 ಇಂಚಿನ ಹಳೇ ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ, ಹಿಂದಿನ ಟೈರು ಟ್ಯೂಬು ಬಿಚ್ಚಿ. 100 ಮೀಟರ್ ನೈಲಾನ್ ದಾರದ ಒಂದು ತುದಿ ರಿಮ್ಮಿಗೆ, ಇನ್ನೊಂದಕ್ಕೆ ಬಿಳಿ ಬಟ್ಟೆಯ ಜೊತೆ ಪರಪರ ಸದ್ದು ಮಾಡುವ ಪ್ಲಾಸ್ಟಿಕ್ ಕವರ್. ಇದೇ ನಮ್ಮ ಮೊಲ. ಕೈಯಿಂದ ಪೆಡಲ್ ಒಂದು ಸುತ್ತು ತಿರುಗಿಸಿದರೆ ದಾರ ಸುಮಾರು 4 ಮೀಟರ್ ಬರುತ್ತದೆ. ಕವರ್ 15 ಮೀಟರ್ ಮುಂದೆ ಹೋದ ಮೇಲೆ ನಾಯಿ ಬಿಡಿ. ದಾರ ಸಡಿಲವಾದರೆ ಕಾಲಿಗೆ ಸುತ್ತಿ ಚರ್ಮ ಕೊಯ್ಯುತ್ತದೆ, ಅದಕ್ಕೇ ಎಳೆತ ಬಿಗಿಯಾಗಿಯೇ ಇರಲಿ. ಸೈಕಲ್ಲಿಗೆ 20 ಮೀಟರ್ ಇರುವಾಗಲೇ ನಿಲ್ಲಿಸಿ. ಇಲ್ಲದಿದ್ದರೆ ನಾಯಿ ಸೈಕಲ್ಲಿಗೇ ಬಂದು ಬಡಿಯುತ್ತದೆ. ಕವರ್ ಹಿಡಿಯಲು ಬಿಡಿ, ನುಂಗಲು ಬಿಡಬೇಡಿ. ಹಿಡಿಯಲು ಒಮ್ಮೆಯೂ ಸಿಗದ ನಾಯಿಗೆ ಬೇಗ ಬೇಸರ ಬರುತ್ತದೆ.

ಒಂದು ಸಲಕ್ಕೆ ಒಂದೇ ನಾಯಿ. ಜೋಡಿ ಬಿಟ್ಟರೆ ಡಿಕ್ಕಿಯಾಗಬಹುದು. ವಯಸ್ಸು 15 ತಿಂಗಳು ದಾಟಿರಲಿ, ಅದಕ್ಕೆ ಮುಂಚೆ ಮೂಳೆ ಬಲಿತಿರುವುದಿಲ್ಲ. ಊಟವಾಗಿ ಮೂರು ಗಂಟೆ ಕಳೆದಿರಲಿ, ಹೊಟ್ಟೆ ತಿರುಚಿಕೊಂಡರೆ ಜೀವಕ್ಕೇ ಅಪಾಯ. ಹತ್ತು ನಿಮಿಷ ನಡೆಸಿ, ಓಡಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ. ದಿನಕ್ಕೆ ಎರಡು ಮೂರು ಓಟ, ವಾರಕ್ಕೆ ಎರಡು ದಿನ. ಮಾರ್ಚ್‌ನಿಂದ ಮೇ ತನಕ ಬೆಳಿಗ್ಗೆ ಏಳರೊಳಗೆ ಮುಗಿಸಿ.

ಮುಗಿದ ಮೇಲೆ ನಡೆಸುತ್ತಾ ನೀರನ್ನು ಸ್ವಲ್ಪಸ್ವಲ್ಪವೇ ಕೊಡಿ. ಬೆರಳ ಸಂದು, ಉಗುರು, ಗಿಣ್ಣು ಮುಟ್ಟಿ ನೋಡಿ. ಹಿಂಗಾಲು ಸೆಟೆದು, ಮೂತ್ರ ಕಾಫಿ ಬಣ್ಣಕ್ಕೆ ಬಂದರೆ ಸ್ನಾಯು ಒಡೆದು ಕಿಡ್ನಿಗೆ ಹೊರೆಯಾಗುತ್ತಿದೆ ಎಂದರ್ಥ. ರಾತ್ರಿಯಾದರೂ ಸರಿ, ಆಗಲೇ ಡಾಕ್ಟರ ಹತ್ತಿರ ಕರೆದೊಯ್ಯಿರಿ. ಅರಿವಳಿಕೆ ಕೊಡಬೇಕಾಗಿ ಬಂದರೆ, ಇದು ಗ್ರೇಹೌಂಡಿನಂಥ ಬೇಟೆನಾಯಿ ಜಾತಿ, ಥಯೋಪೆಂಟೋನ್ ಎಂಬ ಅರಿವಳಿಕೆ ಮದ್ದು ಇದಕ್ಕೆ ಒಗ್ಗದಿರಬಹುದು ಎಂದು ಮೊದಲೇ ಹೇಳಿ.