ಅಣ್ಣನಿಗೆ ‘ಮಗಳು’ ಅನ್ನಲು ಕಲಿಸಿದ್ದು

ನನ್ನ ಅಣ್ಣನ ದೊಡ್ಡ ಮಗು ಇಪ್ಪತ್ತೆರಡು ವರ್ಷ ನಮಗೆಲ್ಲ ಹುಡುಗ. ಒಂದು ದಿನ ನನ್ನ ಹತ್ತಿರ ಬಂದು, ‘ಅತ್ತೆ, ನಾನು ಹೆಣ್ಣು. ಅಪ್ಪನಿಗೆ ನೀವೇ ಹೇಳಿ’ ಅಂದಳು. ಮೊದಲ ಸಲ ಆ ಕೆಲಸ ಕೆಡಿಸಿದೆ. ನಿಮ್ಮ ಮನೆಯಲ್ಲೂ ಇಂಥ ಮಾತು ಬಂದರೆ, ನಾನು ಎಡವಿದ ಜಾಗಗಳನ್ನು ನೋಡಿಕೊಂಡು ನಡೆಯಿರಿ.

ಆ ಮಗುವನ್ನು ಎದುರಿಗೆ ಕೂರಿಸಿಕೊಂಡು ಧರ್ಮಚರ್ಚೆ ಮಾಡಬೇಡಿ. ನಾನು ಮಾಡಿದೆ. ತಾನು ಪಾಪವೋ ರೋಗವೋ ಅನ್ನುವ ವಾದವನ್ನು ಎರಡು ಗಂಟೆ ಮಂಚದ ತುದಿಯಲ್ಲಿ ಕೂತು ಕೇಳಿದಳು ಪಾಪ. ಯಾರಿಗೆ ಹೇಳಬಹುದು, ಯಾರಿಗೆ ಬೇಡ ಅನ್ನುವುದನ್ನೂ ಅವಳನ್ನೇ ಕೇಳಿ.

‘ಧರ್ಮದಲ್ಲಿ ಇದಕ್ಕೆ ಜಾಗವಿಲ್ಲ’ ಅಂದ ಅಣ್ಣ. ನಾನು ಶಿಖಂಡಿ, ಬೃಹನ್ನಳೆಯರನ್ನು ತಂದು ನಿಲ್ಲಿಸಿದೆ. ಅಣ್ಣ ನನಗಿಂತ ಹೆಚ್ಚು ಓದಿದವನು. ‘ಬೃಹನ್ನಳೆ ಆಗಿದ್ದು ಶಾಪದಿಂದ, ಅದೂ ಒಂದೇ ವರ್ಷ. ಶಿಖಂಡಿಯನ್ನು ಭೀಷ್ಮ ಕೊನೆಯವರೆಗೂ ಗಂಡಸು ಅಂತ ಒಪ್ಪಲೇ ಇಲ್ಲವಲ್ಲ?’ ಸರಿ, ನಡುವೆ ಸುಳಿವ ಆತ್ಮ ಹೆಣ್ಣೂ ಅಲ್ಲ ಗಂಡೂ ಅಲ್ಲ ಅಂದ ಜೇಡರ ದಾಸಿಮಯ್ಯನ ಮೊರೆ ಹೋದೆ. ‘ಹಾಗಾದರೆ ದೇಹ ಯಾವುದಾದರೇನು, ಇದ್ದ ಹಾಗೇ ಇರಲಿ’ ಅಂದುಬಿಟ್ಟ. ನನ್ನ ಬಾಯಿ ಕಟ್ಟಿತು.

ಅದಕ್ಕೇ, ಶಾಸ್ತ್ರಕ್ಕೆ ಶಾಸ್ತ್ರ ಎದುರಿಟ್ಟು ಗೆಲ್ಲಲು ಹೋಗಬೇಡಿ. ‘ಧರ್ಮ ಯಾವತ್ತೂ ಒಪ್ಪಿಲ್ಲ’ ಅನ್ನುವ ಆ ‘ಯಾವತ್ತೂ’ ಒಂದನ್ನು ಸಡಿಲ ಮಾಡಿದರೆ ಸಾಕು. ಇರಾನಿನಲ್ಲಿ 1980ರ ದಶಕದಲ್ಲೇ ಅಲ್ಲಿನ ಪರಮೋಚ್ಚ ಧಾರ್ಮಿಕ ನಾಯಕ ಖೊಮೇನಿ ಲಿಂಗ ಬದಲಾವಣೆ ಶಸ್ತ್ರಚಿಕಿತ್ಸೆಗೆ ಧಾರ್ಮಿಕ ಒಪ್ಪಿಗೆ ಕೊಟ್ಟರು. ಸಲಿಂಗ ಸಂಬಂಧಕ್ಕೆ ಮರಣದಂಡನೆ ಇರುವ ದೇಶವೂ ಅದೇ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು ದೀಕ್ಷಾಸ್ನಾನ ಪಡೆಯಬಹುದು ಎಂದು ಕ್ಯಾಥೊಲಿಕ್ ಚರ್ಚಿನ ಕೇಂದ್ರ ವ್ಯಾಟಿಕನ್ 2023ರಲ್ಲಿ ಹೇಳಿತು, ಮರುವರ್ಷವೇ ಲಿಂಗ ಬದಲಾವಣೆ ಮಾನವ ಘನತೆಗೆ ಧಕ್ಕೆ ಎಂದಿತು. ಒಪ್ಪಿಗೆಯ ಮಗ್ಗುಲಲ್ಲೇ ಷರತ್ತು ಇದೆ, ಅದನ್ನು ಮುಚ್ಚಿಡಬೇಡಿ. ಮುಚ್ಚಿಟ್ಟದ್ದು ಗೊತ್ತಾದರೆ ನಿಮ್ಮ ಉಳಿದ ಮಾತನ್ನೂ ನಂಬುವುದಿಲ್ಲ. ರೋಗದ ಮಾತು ಬಂದರೆ ಇಷ್ಟೇ ಹೇಳಿ: ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಮಾನಸಿಕ ಕಾಯಿಲೆಗಳ ಪಟ್ಟಿಯಿಂದ 2019ರಲ್ಲಿ ತೆಗೆದುಹಾಕಿದೆ.

ಆಮೇಲೆ ಒಬ್ಬರೇ ಇದ್ದಾಗ ಕೇಳಿ: ‘ನಿನಗೆ ನಿಜವಾಗಿ ಭಯ ಇರುವುದು ಯಾವುದಕ್ಕೆ?’ ಅಣ್ಣ ತುಂಬ ಹೊತ್ತು ಸುಮ್ಮನಿದ್ದು, ‘ನಾನು ಸತ್ತ ಮೇಲೆ ಇವನಿಗೆ ಯಾರು?’ ಅಂದ. ಆ ಪ್ರಶ್ನೆಗೆ ಗ್ರಂಥದಲ್ಲಿ ಉತ್ತರ ಹುಡುಕಬೇಕಿಲ್ಲ. ‘ನಾನಿದ್ದೇನೆ’ ಅಂದೆ.

ಇನ್ನು ನಿಜವಾದ ಅಭ್ಯಾಸ, ಮಾತಿನದು. ಕನ್ನಡದಲ್ಲಿ ಹೆಸರು ಬದಲಿಸಿದರೆ ಮುಗಿಯಲಿಲ್ಲ, ಕ್ರಿಯಾಪದದ ಬಾಲವೂ ಬದಲಾಗಬೇಕು. ಬಂದ, ಬಂದಳು. ಬಾರೋ, ಬಾರೇ. ‘ನಾನು ಬಂದೆ ಅಂದಾಗ ಕನ್ನಡ ನನ್ನನ್ನು ಏನೂ ಕೇಳಲ್ಲ ಅತ್ತೆ, ನೀವು ನನ್ನ ಬಗ್ಗೆ ಮಾತಾಡುವಾಗಲೇ ಎಲ್ಲ ಹೊರಬೀಳೋದು’ ಅಂದಿದ್ದಳು. ಆದ್ದರಿಂದ ಅವಳಿಲ್ಲದಾಗ ಅಭ್ಯಾಸ ಮಾಡಿ. ಊಟ ಮಾಡಿದಳಾ, ಫೋನ್ ಮಾಡಿದ್ದಳಾ ಅಂತ ದಿನಕ್ಕೆ ನಾಲ್ಕು ಸಲ ಅಣ್ಣನನ್ನು ನಾನೇ ಕೇಳುತ್ತಿದ್ದೆ. ಉತ್ತರ ಕೊಡುವಾಗ ಅವನ ನಾಲಿಗೆ ತಾನಾಗಿ ಹೊರಳುತ್ತಿತ್ತು. ಕೆಲವರು ‘ಅವರು ಬಂದರು’ ಎಂದು ಬಹುವಚನದಲ್ಲಿ ಅಡಗಿಕೊಳ್ಳುತ್ತಾರೆ. ಅವಳೇ ಕೇಳಿದ್ದರೆ ಸರಿ. ಇಲ್ಲದಿದ್ದರೆ ಒಂದು ವಾರ ನಡೆದೀತು. ತಂಗಿ ‘ಅವಳು’, ಇವಳು ಮಾತ್ರ ‘ಅವರು’ ಆದರೆ ಅದು ಮರ್ಯಾದೆಯಲ್ಲ, ಹೊರಗಿಟ್ಟ ಹಾಗೆ.

ತಪ್ಪಿದರೆ ದೊಡ್ಡ ಕ್ಷಮಾಪಣೆ ಬೇಡ. ನಿಮ್ಮನ್ನು ಸಮಾಧಾನ ಮಾಡುವ ಕೆಲಸವೂ ಆಮೇಲೆ ಅವಳ ತಲೆಗೇ ಬರುತ್ತದೆ. ತಿದ್ದಿಕೊಂಡು ಮಾತು ಮುಂದುವರಿಸಿ. ಅಣ್ಣ ಈಗಲೂ ನಿದ್ದೆಗಣ್ಣಲ್ಲಿ ‘ಬಾರೋ’ ಅನ್ನುತ್ತಾನೆ. ಒಳಗಿನಿಂದ ‘ರೇ’ ಅಂತ ಕೇಳಿಸುತ್ತದೆ. ‘ಹ್ಞಾಂ, ರೇ. ಕನ್ನಡಕ ಎಲ್ಲಿಟ್ಟೆ?’ ಅನ್ನುತ್ತಾನೆ.